ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ

ಸಿಸ್ಟರ್, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದು, ಚರ್ಮ ಹರಿದಿದ್ದ ಹುಡುಗನ ಅಣ್ಣ ನಾನು. ಕಾಲಿಗೆ ಹೊರಗಿನಿಂದ ರಾಡ್, ಗಾಯಕ್ಕೆ ವ್ಯಾಕ್ ಡ್ರೆಸ್ಸಿಂಗ್ ಹಾಕಿದ್ದರು. ಒಳಗೆ ಸ್ಪಂಜು, ಮೇಲೆ ಅಂಟುವ ಪ್ಲಾಸ್ಟಿಕ್ ಹಾಳೆ, ಅಲ್ಲಿಂದ ಗಾಳಿ ಎಳೆಯುವ ಮೆಷಿನ್‌ಗೆ ಟ್ಯೂಬು. ಮೀಟರಿನಲ್ಲಿ ಎಳೆತ 125 ಇರಬೇಕು. ಗಾಯದ ನೀರೆಲ್ಲ ಡಬ್ಬಿಗೆ ಬರುತ್ತದೆ.

ಆದರೆ ರಾಡನ್ನು ಮೂಳೆಗೆ ಹಿಡಿದಿಡುವ ಪಿನ್ನುಗಳು ಗಾಯದ ಪಕ್ಕದಲ್ಲೇ ಇದ್ದವು. ಪಿನ್ನಿನ ಬುಡದಲ್ಲಿ ಚೂರು ಸಂದಿ ಇದ್ದರೂ ಸಾಕು, ಗಾಳಿ ನುಗ್ಗಿ ಅಲಾರಂ ಕೂಗುತ್ತದೆ. ಅವತ್ತು ಕೂಗುತ್ತಲೇ ಇತ್ತು.

ನೀವು ಮೊದಲು ಚರ್ಮ ಒರೆಸಿ ಚೆನ್ನಾಗಿ ಒಣಗಿಸಿದಿರಿ. ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಿನ್ನಿಗೂ ಎರಡು ಕಡೆಯಿಂದ ತಂದು, ಕರ್ಜಿಕಾಯಿಯ ಅಂಚು ಒತ್ತುವ ಹಾಗೆ ಚಿವುಟಿ ಅಂಟಿಸಿದಿರಿ. ಬುಡಕ್ಕೆ ಸಂದಿ ಮುಚ್ಚುವ ಸ್ಟೋಮಾ ಪೇಸ್ಟ್ ಮೆತ್ತಿದಿರಿ. ಆಮೇಲೆ ಕಿವಿ ಹತ್ತಿರ ಇಟ್ಟು ಸುಸ್ ಅನ್ನುವ ಸದ್ದು ಹುಡುಕಿದಿರಿ. ಸ್ಪಂಜು ಕುಗ್ಗಿ ಗಟ್ಟಿಯಾಯಿತು, ಅಲಾರಂ ನಿಂತಿತು.

“ಕೂಗಿದರೆ ಸುಮ್ನೆ ಆಫ್ ಮಾಡಬೇಡಿ, ಕರೀರಿ. ಮೆಷಿನ್ ಎರಡು ಗಂಟೆಗಿಂತ ಜಾಸ್ತಿ ಹೊತ್ತು ನಿಂತರೆ ಸ್ಪಂಜು ಒಳಗೆ ಬಿಡಬಾರದು” ಅಂದಿರಿ. ಅಷ್ಟು ಬಿಡಿಸಿ ಹೇಳಿದವರು ನೀವೊಬ್ಬರೇ.

ವ್ಯಾಕ್ ಪವಾಡವೇನಲ್ಲ ಬಿಡಿ. ಬ್ರಿಟನ್ನಿನಲ್ಲಿ ಇಂಥದೇ ಕಾಲುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ನಂತರ ಸಾದಾ ಡ್ರೆಸ್ಸಿಂಗ್‌ಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದರೂ ಹಾಕಿದ ಮೇಲೆ ಅದು ಸರಿಯಾಗಿ ಎಳೀಬೇಕು ಅಲ್ವಾ?

ಈಗ ಚರ್ಮ ಕಸಿ ಆಗಿದೆ, ರಾಡ್ ಇನ್ನೂ ಇದೆ. ಬೆಳಿಗ್ಗೆ ಹುಡುಕುವಷ್ಟರಲ್ಲಿ ನಿಮ್ಮ ಡ್ಯೂಟಿ ಮುಗಿದಿತ್ತು. ತುಂಬಾ ಥ್ಯಾಂಕ್ಸ್, ಸಿಸ್ಟರ್.