ಹೆಂಗಸರ ವಾರ್ಡಿಗೆ ಒಬ್ಬ ಹೆಂಗಸು ಬೇಕು

ಭಾಂಡುಪ್, ಮುಂಬೈ
ಶುಕ್ರವಾರ ರಾತ್ರಿ

ಅಕ್ಕನಿಗೆ ತಮ್ಮನ ನಮಸ್ಕಾರ. ಅಮ್ಮನಿಗೆ, ಅಪ್ಪಯ್ಯನಿಗೆ, ಭಾವನಿಗೆ ಕೂಡ.

ಫೋನಿನಲ್ಲಿ ನಿನಗೆ ಹೇಳಬೇಕು ಅಂದುಕೊಂಡದ್ದರಲ್ಲಿ ಅರ್ಧವೂ ಆಗಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ಮಾತಾಡಿದರೆ ಸೆಕ್ಯುರಿಟಿಯವನು ಓಡಿಸುತ್ತಾನೆ. ಕೆಳಗಿಳಿದರೆ ಮಳೆ. ಅದಕ್ಕೇ ಬರೆಯಲು ಕೂತೆ. ನಮ್ಮ ಹೋಟೆಲಿನ ಹುಡುಗ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅಮ್ಮನಿಗೆ ನೀನೇ ಓದಿ ಹೇಳು. ಪೊಲೀಸ್ ಅಂತ ಬರುವ ಕಡೆ ಬೇಕಾದರೆ ಹಾರಿಸಿಬಿಡು.

ನನ್ನ ಹೆಂಡತಿ ಬಿದ್ದದ್ದು ಮಂಗಳವಾರ ಬೆಳಗ್ಗೆ. ಚಾಳಿನ ಮೆಟ್ಟಿಲಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು. ಬಕೆಟ್ ಹಿಡಿದುಕೊಂಡೇ ಜಾರಿದಳು. ತೊಡೆಯ ಮೂಳೆ ಮುರಿದಿದೆ, ರಾಡ್ ಹಾಕಬೇಕು ಅಂದಿದ್ದಾರೆ. ಅಲ್ಲಿಯ ತನಕ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ನಮ್ಮ ಬಾವಿಯ ರಾಟೆಯ ಹಾಗೇ ಇದೆ ಅದು. ಹಗ್ಗ, ಗಾಲಿ, ಕೆಳಗೆ ತೂಗುವ ಭಾರ. ಅವಳೇ ಹೇಳಿ ನಕ್ಕಳು, "ನಾನೀಗ ಕೊಡಪಾನ" ಅಂತ.

ಅಪ್ಪಯ್ಯ ಎರಡು ಸಲ ಫೋನ್ ಮಾಡಿ "ಮಣಿಪಾಲಕ್ಕೆ ಕರ್ಕೊಂಡು ಬಾ, ಧರ್ಮಾಸ್ಪತ್ರೆಯಲ್ಲಿ ಯಾಕೆ ಹಾಕಿದೆ" ಎಂದರು. ಆ ಕಾಲನ್ನು ಒಂದು ರಾತ್ರಿಯ ದಾರಿ ಅಲ್ಲಾಡಿಸಿಕೊಂಡು ತರುವುದು ಹೇಗೆ? ಇಲ್ಲಿ ಪ್ರೈವೇಟ್‌ಗೆ ಹೋದರೆ ಅಡ್ವಾನ್ಸ್ ಕಟ್ಟುವಾಗಲೇ ನನ್ನ ಸಂಬಳ ಮುಗಿಯುತ್ತದೆ. ಮುಂಬೈಯ ದೊಡ್ಡ ಮುನ್ಸಿಪಾಲಿಟಿ ಆಸ್ಪತ್ರೆಗಳು ನಮ್ಮ ಊರಿನ ಸರ್ಕಾರಿ ದವಾಖಾನೆಯ ಹಾಗಲ್ಲ. ಕೆಇಎಂ, ನಾಯರ್, ಸಾಯನ್ ಎಲ್ಲದರ ಜೊತೆಗೂ ಮೆಡಿಕಲ್ ಕಾಲೇಜಿದೆ. ಕೆಇಎಂ ಶುರುವಾದದ್ದೇ 1926ರಲ್ಲಿ. ದಿನಾ ಇಂಥ ಮುರಿದ ಕಾಲುಗಳನ್ನು ಎಷ್ಟೋ ನೋಡುವ ಡಾಕ್ಟರುಗಳು ಇವರು. ಜಾಗ ಇಕ್ಕಟ್ಟು, ಗಲಾಟೆ ಜಾಸ್ತಿ, ಅದು ನಿಜ. ಡಾಕ್ಟರುಗಳ ಬಗ್ಗೆ ನನಗೆ ಅನುಮಾನ ಇಲ್ಲ ಅಂತ ಅಪ್ಪಯ್ಯನಿಗೆ ಹೇಳು.

ಈಗ ನಿನ್ನನ್ನು ಕರೆಯುವುದು ಯಾಕೆ ಅಂದರೆ, ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. ಗಂಡನಾದರೂ ಇಲ್ಲ. ಮೊದಲ ರಾತ್ರಿ ನಾನು ಸಿಸ್ಟರ್ ಹತ್ತಿರ ಜಗಳಕ್ಕೇ ನಿಂತಿದ್ದೆ. ಆಮೇಲೆ ಅಕ್ಕಪಕ್ಕದ ಮಂಚಗಳನ್ನು ನೋಡಿದೆ. ಬೆಡ್‌ಪ್ಯಾನ್ ಇಡುವವರು, ಬಟ್ಟೆ ಬದಲಿಸುವವರು, ನಡುವೆ ಒಂದು ಪರದೆ, ಅದೂ ಅರ್ಧ. ನನಗೇ ನಾಚಿಕೆಯಾಯಿತು. ನಿಯಮ ಸರಿಯಾಗಿಯೇ ಇದೆ. ಆದರೆ ಏಳಲಾರದವಳ ಹತ್ತಿರ ರಾತ್ರಿ ಯಾರಾದರೂ ಬೇಕೇ ಬೇಕು. ಅಷ್ಟು ಮಂಚಗಳಿಗೆ ರಾತ್ರಿ ಇಬ್ಬರು ಸಿಸ್ಟರ್, ಒಬ್ಬರು ಮಾವಶಿ. ಮಾವಶಿ ಅಂದರೆ ಆಯಾ. ವಾರ್ಡ್‌ಬಾಯ್‌ಗೆ ಇಲ್ಲಿ ಮಾಮಾ ಅನ್ನುತ್ತಾರೆ. ನೀನೂ ಹಾಗೇ ಕರೆ. ಆಯಾ ಎಂದರೆ ಕೆಲವರು ತಿರುಗಿ ನೋಡುವುದಿಲ್ಲ.

ಮೂರು ರಾತ್ರಿ ಪಕ್ಕದ ಮನೆಯ ಹೆಂಗಸು ಇದ್ದರು, ಪುಣ್ಯಾತ್ಮರು. ಮಂಗಳವಾರದಿಂದ ಅವರಿಗೆ ಕೆಲಸಕ್ಕೆ ಹೋಗಲೇಬೇಕು. ಅಮ್ಮ ತಾನೇ ಬರುತ್ತೇನೆ ಎನ್ನುತ್ತಾಳೆ, ಬೇಡ. ನೆಲದ ಮೇಲೆ ಮಲಗಿ ರಾತ್ರಿ ನಾಲ್ಕು ಸಲ ಏಳುವುದು ಅವಳ ಮಂಡಿಗೆ ಆಗದು. ಅದಕ್ಕಿಂತ ದೊಡ್ಡ ಕಷ್ಟ ಅವಳ ಎಲೆಅಡಿಕೆ ಚೀಲ. ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಹೊಗೆಸೊಪ್ಪು, ಗುಟ್ಕಾ, ಬೀಡಿ, ಬೆಂಕಿಪೊಟ್ಟಣ ಎಲ್ಲ ತೆಗೆದು ಒಂದು ಡಬ್ಬಕ್ಕೆ ಹಾಕುತ್ತಾರೆ. ಉಗುಳಿದರೆ ದಂಡ. ಅಮ್ಮ ಒಂದು ದಿನವೂ ತಡೆಯಲಾರಳು, ಅಲ್ವಾ?

ತರಬೇಕಾದ ಕಾಗದಗಳ ವಿಷಯ ಗಮನವಿಟ್ಟು ಓದು. ನಮ್ಮ ರೇಷನ್ ಕಾರ್ಡ್ ಇನ್ನೂ ಊರಿನದ್ದೇ. ಇವಳ ಹೆಸರೂ ಅದರಲ್ಲೇ ಇದೆ. ಎಂಟು ವರ್ಷದಿಂದ ಇಲ್ಲಿಗೆ ಬದಲಿಸಬೇಕು, ಬದಲಿಸಬೇಕು ಎಂದುಕೊಂಡೇ ಉಳಿಯಿತು. ಮಹಾರಾಷ್ಟ್ರದ ಕಾರ್ಡ್ ಇದ್ದವರಿಗೆ ಆಸ್ಪತ್ರೆ ಖರ್ಚಿಗೆ ಮಹಾತ್ಮಾ ಫುಲೆ ಯೋಜನೆ ಇದೆ, ನಮಗೆ ಅದು ಸಿಗದು. ಆದರೆ ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಕೆಳಗೆ ಒಂದು ಕೌಂಟರ್‌ನಲ್ಲಿ ಆರೋಗ್ಯಮಿತ್ರ ಅಂತ ಕೂತಿರುತ್ತಾರೆ. ಊರಲ್ಲೂ ಅದೇ ಹೆಸರು. ಆ ಹುಡುಗಿ ಕಂಪ್ಯೂಟರ್‌ನಲ್ಲಿ ಹುಡುಕಿ ನಮ್ಮ ಮನೆಯ ಹೆಸರು ಇದೆ ಎಂದಳು. ಅಸಲು ರೇಷನ್ ಕಾರ್ಡ್, ಇವಳ ಆಧಾರ್ ತರಲು ಹೇಳಿದ್ದಾಳೆ. ಇವಳ ಆಧಾರ್ ಅಮ್ಮನ ಟ್ರಂಕಿನಲ್ಲಿ, ಮದುವೆಯ ಆಲ್ಬಮ್ ಕೆಳಗಿದೆ. ಜೆರಾಕ್ಸ್ ಮಾತ್ರ ತಂದರೆ ಆಗದು. ಅಸಲೂ ಬೇಕು, ಜೆರಾಕ್ಸ್ ಐದಾರೂ ಬೇಕು. ಇಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಮೆಡಿಕಲ್ ಶಾಪ್‌ಗಿಂತ ದೊಡ್ಡ ಕ್ಯೂ.

ಇನ್ನೊಂದು. ಇವಳ ಆಧಾರ್‌ಗೆ ಕೊಟ್ಟಿರುವುದು ಅಪ್ಪಯ್ಯನ ಮೊಬೈಲ್ ನಂಬರ್. ಸೋಮವಾರ ಹನ್ನೊಂದರ ಹೊತ್ತಿಗೆ ಅವರ ಫೋನಿಗೆ ಒಟಿಪಿ ಬರುತ್ತದೆ. ಅಪ್ಪಯ್ಯ ಆವತ್ತು ತೋಟಕ್ಕೆ ಹೋಗುವಾಗ ಫೋನ್ ಮನೆಯಲ್ಲಿ ಬಿಡುವುದು ಬೇಡ. ನಂಬರನ್ನು ನನಗೊಬ್ಬನಿಗೇ ಹೇಳಲಿ, ಬೇರೆ ಯಾರು ಕೇಳಿದರೂ ಬೇಡ. ಇಷ್ಟು ಅವಸರ ಯಾಕೆಂದರೆ ಆಪರೇಷನ್‌ಗೆ ಮೊದಲೇ ಯೋಜನೆಯವರಿಂದ ಮಂಜೂರಾತಿ ಬರಬೇಕು. ಮಾಡಿಸಿಕೊಂಡು ಆಮೇಲೆ ಬಿಲ್ ತೋರಿಸಿದರೆ ದುಡ್ಡು ವಾಪಸ್ ಬರುವುದಿಲ್ಲ. ಆಸ್ಪತ್ರೆಗೆ ಖರ್ಚು ಕಡಿಮೆಯೇ. ಕೇಸ್ ಪೇಪರ್‌ಗೆ ನಾನು ಕೊಟ್ಟದ್ದು 10 ರೂಪಾಯಿ. ದೊಡ್ಡ ಖರ್ಚು ರಾಡಿನದ್ದು. ಯೋಜನೆಯ ಮಂಜೂರಾತಿ ಸಿಗದೇ ಹೋದರೆ ಸೋಶಿಯಲ್ ವರ್ಕರ್ ಆಫೀಸಿಗೆ ಹೋಗಬೇಕು, ಅವರು ಟ್ರಸ್ಟ್‌ಗಳಿಗೆ ಚೀಟಿ ಬರೆದು ಕೊಡುತ್ತಾರೆ. ಸಿದ್ಧಿವಿನಾಯಕ ದೇವಸ್ಥಾನದ ಟ್ರಸ್ಟ್ ಕೂಡ ಬಡ ರೋಗಿಗಳಿಗೆ ಸಹಾಯ ಮಾಡುತ್ತದೆ. ಅಲ್ಲಿಗೂ ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಬೇಕು. ಕಾಗದ ಇಲ್ಲದೆ ದೇವರೂ ಕೊಡುವುದಿಲ್ಲ.

ಪೊಲೀಸ್ ವಿಷಯ. ಕ್ಯಾಶುವಲ್ಟಿಗೆ ಕರೆದುಕೊಂಡು ಹೋದಾಗ "ಹೇಗೆ ಬಿದ್ದಳು, ಯಾರಾದರೂ ತಳ್ಳಿದರಾ" ಎಂದು ಕೇಳಿದರು. ಒಳಗೇ ಇರುವ ಚೌಕಿಯ ಪೊಲೀಸಿನವರು ಬರೆದುಕೊಂಡರು. ನನ್ನನ್ನು ಸ್ವಲ್ಪ ದೂರ ನಿಲ್ಲಿಸಿ ಅವಳನ್ನೇ ಕೇಳಿದರು. ಆಗ ಸಿಟ್ಟು ಬಂತು. ಆದರೆ ಪೆಟ್ಟಾಗಿ ಬಂದವರ ಹತ್ತಿರ ಹೀಗೆ ಕೇಳುವುದು ಅವರ ಪದ್ಧತಿ. ಎಷ್ಟು ಹೆಂಗಸರು ಹೊಡೆತ ತಿಂದು ಬಿದ್ದೆ ಅಂತ ಹೇಳುತ್ತಾರೋ. ಅಮ್ಮನಿಗೆ ಇಷ್ಟು ಹೇಳಿದರೆ ಸಾಕು, ಕೇಸು ಗೀಸು ಏನೂ ಇಲ್ಲ.

ಆಪರೇಷನ್ ಯಾವತ್ತು ಅಂತ ದಿನಾ ಕೇಳುತ್ತೀರಿ. ಇಲ್ಲಿ ಯೂನಿಟ್ ಅಂತ ಇದೆ. ಒಬ್ಬ ದೊಡ್ಡ ಡಾಕ್ಟರು, ಅವರ ಕೈಕೆಳಗೆ ಕೆಲವರು. ಪ್ರತಿ ಯೂನಿಟ್‌ಗೂ ಎಮರ್ಜೆನ್ಸಿ ದಿನ ಬೇರೆ, ಒಪಿಡಿ ದಿನ ಬೇರೆ, ಆಪರೇಷನ್ ದಿನ ಬೇರೆ. ಯಾವ ಯೂನಿಟ್‌ನ ಎಮರ್ಜೆನ್ಸಿ ದಿನ ಬಂದಿರೋ, ಡಿಸ್ಚಾರ್ಜ್ ಆಗುವ ತನಕ ನೀವು ಅವರದ್ದೇ ರೋಗಿ. ನಮ್ಮವರ ಆಪರೇಷನ್ ದಿನ ಬುಧವಾರ. ಲಿಸ್ಟಿನಲ್ಲಿ ಹೆಸರು ಬಂದರೂ ಆಕ್ಸಿಡೆಂಟ್ ಕೇಸ್ ಬಂದರೆ ಮುಂದಕ್ಕೆ ಹೋಗುತ್ತದೆ. ರಾತ್ರಿಯಿಂದ ಉಪವಾಸ ಇದ್ದು ಮಧ್ಯಾಹ್ನ "ಇವತ್ತಿಲ್ಲ" ಎಂದು ಹೇಳಿಸಿಕೊಂಡ ಪಕ್ಕದ ಮಂಚದ ಅಜ್ಜಿ ಬೈದ ಬೈಗುಳ ಮರಾಠಿಯಲ್ಲಿ ಇದ್ದರೂ ಇವಳಿಗೆ ಪೂರ್ತಿ ಅರ್ಥವಾಯಿತಂತೆ.

ರಕ್ತಕ್ಕೆ ನಮ್ಮ ಹೋಟೆಲಿನ ಮೂವರು ಹೋಗಿದ್ದರು. ಇಬ್ಬರದ್ದು ತೆಗೆದುಕೊಂಡರು. ದೋಸೆ ಹಾಕುವವನು, ಎಲ್ಲರಿಗಿಂತ ಗಟ್ಟಿಮುಟ್ಟು, ಅವನದ್ದೇ ಬೇಡ ಅಂದರು. ಹಿಮೋಗ್ಲೋಬಿನ್ 12.5 ಇರಬೇಕಂತೆ, ಅವನಿಗೆ ಅಷ್ಟಿಲ್ಲ. ಈಗ ದಿನಾ ಬೀಟ್‌ರೂಟ್ ತಿನ್ನುತ್ತಿದ್ದಾನೆ.

ಪಾಸ್ ಅಂತ ಒಂದು ಚೀಟಿ ಕೊಡುತ್ತಾರೆ. ಅದನ್ನು ಸೆರಗಿಗೆ ಕಟ್ಟಿಕೋ. ಕಳೆದರೆ ಗೇಟಿನಲ್ಲಿ ನಿನ್ನ ಕಣ್ಣೀರಿಗೂ ಬಿಡುವುದಿಲ್ಲ. 2017ರಲ್ಲಿ ರೋಗಿಯ ಕಡೆಯವರು ಡಾಕ್ಟರುಗಳಿಗೆ ಹೊಡೆದು, ಮಹಾರಾಷ್ಟ್ರದ ತುಂಬ ಡಾಕ್ಟರುಗಳು ಕೆಲಸ ನಿಲ್ಲಿಸಿದ್ದರು. ಆಮೇಲೆ ಕಾವಲು ಬಿಗಿಯಾಯಿತು. ಗೋಡೆಯ ಮೇಲೆ ದೊಡ್ಡ ಬೋರ್ಡ್ ಇದೆ, 2010ರ ಕಾಯ್ದೆಯದ್ದು. ಡಾಕ್ಟರ್, ನರ್ಸ್ ಮೇಲೆ ಕೈ ಮಾಡಿದರೆ ಮೂರು ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ. ಈ ಸಾಲನ್ನು ಭಾವನಿಗೆ ಜೋರಾಗಿ ಓದಿ ಹೇಳು. ಅವರು ಬರುವುದಾದರೆ ಡಿಸ್ಚಾರ್ಜ್ ದಿನ ಬಂದರೆ ಸಾಕು.

ಬೆಳಗ್ಗೆ ರೌಂಡ್ಸ್ ಹೊತ್ತಿಗೆ ಎಲ್ಲರನ್ನೂ ಹೊರಗೆ ಹಾಕುತ್ತಾರೆ. ಅದಕ್ಕೆ ಮೊದಲು ಚಾಪೆ ಸುತ್ತಿ ಮಂಚದ ಕೆಳಗೆ ಇಡಬೇಕು. ಐದು ಗಂಟೆಗೇ ಬಾತ್‌ರೂಮಿಗೆ ಹೋಗಿ ಬಾ, ಆರಾದರೆ ಕ್ಯೂ. ಹವಾಯಿ ಚಪ್ಪಲಿ ಹಳೆಯದನ್ನೇ ಹಾಕಿಕೊಂಡು ಬಾ, ನನ್ನ ಹೊಸ ಜೋಡು ಎರಡನೇ ದಿನವೇ ಹೋಯಿತು. ಚಾರ್ಜಿಗೆ ಇಟ್ಟ ಫೋನ್ ಬಿಟ್ಟು ಎಲ್ಲಿಗೂ ಏಳಬೇಡ. ಎಕ್ಸ್‌ರೇಗೆ ಟ್ರಾಲಿ ತಳ್ಳಿದ ಮಾಮಾ ಚಾಯ್‌ಪಾನಿ ಕೇಳಿದ. 50 ಕೊಟ್ಟೆ. ಮರುದಿನ ನೋಡಿದರೆ ಲಿಫ್ಟ್ ಪಕ್ಕದಲ್ಲೇ "ಯಾರಿಗೂ ಹಣ ಕೊಡಬೇಡಿ" ಎಂಬ ಬೋರ್ಡ್. ನೀನು ಕೊಡಬೇಡ. ಅವನು ಇನ್ನೊಂದು ಸಲ ಕೇಳಿದರೆ ನಾನು ಬಹುಶಃ ಕೊಡುತ್ತೇನೆ, ಅವಳನ್ನು ಟ್ರಾಲಿಯ ಮೇಲೆ ಕಾಯಿಸಲು ಮನಸ್ಸು ಬರುವುದಿಲ್ಲ.

ಡಬ್ಬಗಳ ವಿಷಯದಲ್ಲಿ ಸಿಸ್ಟರ್ ತುಂಬ ಕಟ್ಟುನಿಟ್ಟು. ಹಳದಿ ಡಬ್ಬಕ್ಕೆ ರಕ್ತ ತಾಗಿದ ಹತ್ತಿ, ಪಟ್ಟಿ. ಕೆಂಪಿಗೆ ಸಲೈನ್ ಪೈಪು, ಪ್ಲಾಸ್ಟಿಕ್. ಸೂಜಿಗೆ ಬಿಳಿ ಡಬ್ಬ, ಅದನ್ನು ನೀನು ಮುಟ್ಟುವುದೇ ಬೇಡ. ಉಳಿದ ಅನ್ನ, ಬಾಳೆಹಣ್ಣಿನ ಸಿಪ್ಪೆ ಇವು ಯಾವುದಕ್ಕೂ ಅಲ್ಲ, ಬಾಗಿಲ ಹೊರಗಿನ ಮಾಮೂಲಿ ಕಸದ ಬುಟ್ಟಿಗೆ. ನಾನು ಸಿಪ್ಪೆಯನ್ನು ಹಳದಿಗೆ ಹಾಕಿ ಇಡೀ ವಾರ್ಡಿನ ಎದುರು ಬೈಸಿಕೊಂಡಿದ್ದೇನೆ.

ಊಟ ಆಸ್ಪತ್ರೆಯಿಂದಲೇ ಬರುತ್ತದೆ, ರೋಗಿಗೆ ಮಾತ್ರ. ಚಪಾತಿ, ದಾಲ್, ಅನ್ನ, ಒಂದು ಪಲ್ಯ. ಕೆಟ್ಟದ್ದೇನಲ್ಲ, ಆದರೆ ಖಾರ ಹುಳಿ ಇಲ್ಲ. ತಟ್ಟೆ ಲೋಟ ನಮ್ಮದೇ. ನಿನಗೆ ಊಟ ಹೋಟೆಲಿನಿಂದ ನಾನು ತರುತ್ತೇನೆ. ಇವಳು ಕೇಳಿದ್ದು ಒಂದೇ, ಅಮ್ಮನ ಮಿಡಿ ಉಪ್ಪಿನಕಾಯಿ. ಡಾಕ್ಟರನ್ನು ಕೇಳಿಯೇ ಹೇಳುತ್ತಿದ್ದೇನೆ, ಆಪರೇಷನ್ ಹಿಂದಿನ ರಾತ್ರಿ ಒಂದು ಬಿಟ್ಟು ಉಳಿದ ದಿನ ಗಂಜಿ ಜೊತೆ ತಿನ್ನಬಹುದು.

ಭಾಷೆಗೆ ಹೆದರಬೇಡ. ರಾತ್ರಿಯ ಮಾವಶಿ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ನಾನು ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದು ಕೇಳಿ "ನಮ್ಮವರ ಏನ್ರಿ ನೀವು?" ಎಂದರು. ಅವರ ಕನ್ನಡ ನಮಗೆ ಅರ್ಧ, ನಮ್ಮ ಕುಂದಾಪುರದ ಕನ್ನಡ ಅವರಿಗೆ ಕಾಲುಭಾಗ. ಆದರೂ ಇವಳನ್ನು ಎರಡು ಗಂಟೆಗೊಮ್ಮೆ ಸ್ವಲ್ಪ ಮಗ್ಗುಲಾಗಿಸಿ ಬೆನ್ನಿಗೆ ಪೌಡರ್ ಹಾಕುವುದು ಹೇಗೆಂದು ಪಕ್ಕದ ಮನೆಯವರಿಗೆ ಕಲಿಸಿಕೊಟ್ಟವರು ಅವರೇ. ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗುತ್ತದೆ. ಕಾಲಿನ ತೂಕ ಮಾತ್ರ ಯಾವತ್ತೂ ಎತ್ತಬಾರದು, ನೆಲಕ್ಕೆ ತಾಗಲೂಬಾರದು. ನಿನಗೂ ತೋರಿಸಿಕೊಡುತ್ತಾರೆ.

ಮಗಳನ್ನು ಒಳಗೆ ಬಿಡುವುದಿಲ್ಲ, ಸಣ್ಣ ಮಕ್ಕಳಿಗೆ ಪ್ರವೇಶವಿಲ್ಲ. ಸಂಜೆ ಕೆಳಗೆ ಮರದ ಹತ್ತಿರ ನಿಲ್ಲಿಸಿ ಫೋನ್ ಮಾಡಿಸುತ್ತೇನೆ. ಅವಳು ಮೇಲೆ ನೋಡುತ್ತಾ ಕೈ ಬೀಸುತ್ತಾಳೆ. ಇವಳ ಮಂಚದಿಂದ ಕಿಟಕಿ ಕಾಣುವುದಿಲ್ಲ ಅಂತ ನಾನು ಹೇಳಿಲ್ಲ.

ಭಾನುವಾರದ ಮತ್ಸ್ಯಗಂಧಕ್ಕೆ ತತ್ಕಾಲ್‌ನಲ್ಲಿ ನೋಡಲು ಹುಡುಗನಿಗೆ ಹೇಳಿದ್ದೇನೆ. ಈಗ ಮಳೆಗಾಲದ ಟೈಂ ಟೇಬಲ್, ಕೊಂಕಣದಲ್ಲಿ ರೈಲು ನಿಧಾನ, ಕುಂದಾಪುರದಿಂದ ಹೊರಡುವ ಹೊತ್ತು ಒಮ್ಮೆ ಸ್ಟೇಷನ್‌ನಲ್ಲೇ ಕೇಳಿಕೋ. ಕುರ್ಲಾ ತನಕ ಬರಬೇಡ, ಠಾಣೆಯಲ್ಲಿ ಇಳಿ, ಅದೇ ನಮಗೆ ಹತ್ತಿರ. ಒಂದು ತೆಳು ಚಾಪೆ, ಎರಡು ನೈಟಿ, ಹೊದೆಯಲು ಒಂದು ಹಳೆ ಸೀರೆ ತಾ. ಚಿನ್ನ ಹಾಕಿಕೊಂಡು ಬರಬೇಡ, ಕರಿಮಣಿ ಸಾಕು. ಸೋಮವಾರ ಬೆಳಗ್ಗೆ ನಾನು ಆರೋಗ್ಯಮಿತ್ರ ಕೌಂಟರ್‌ನ ಕ್ಯೂನಲ್ಲಿ ಇರಬೇಕು, ಸ್ಟೇಷನ್‌ಗೆ ದೋಸೆ ಹಾಕುವವನು ಬರುತ್ತಾನೆ. ಕೈಯಲ್ಲಿ ಹಸಿರು ಕೊಡೆ ಇರುತ್ತದೆ.

ನಿನ್ನ ತಮ್ಮ