ಅಪ್ಪನ ಅರ್ಜಿ, ಮಗನ ಸಿಟ್ಟು

ಪ್ರೀತಿಯ ಮಗಳೇ,

ಭಗತ್ ಸಿಂಗ್ ಬಗ್ಗೆ ಕಾಲೇಜಿನಲ್ಲಿ ಮಾತಾಡಬೇಕು, ನಾಲ್ಕು ಪಾಯಿಂಟ್ ಕಳಿಸಪ್ಪಾ ಅಂದೆಯಲ್ಲ. 1907ರಲ್ಲಿ ಹುಟ್ಟಿದ್ದು, 1931ರ ಮಾರ್ಚ್ 23ರಂದು ಲಾಹೋರ್ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದ್ದು, ಇದೆಲ್ಲ ನಿನ್ನ ಫೋನಿನಲ್ಲೇ ಸಿಗುತ್ತೆ. ಅಸೆಂಬ್ಲಿಯ ಬಾಂಬು, ಹ್ಯಾಟು, ಮೀಸೆ, ಇವನ್ನು ನಿನಗಿಂತ ಮೊದಲು ಮಾತಾಡುವವರೇ ಮುಗಿಸಿಬಿಟ್ಟಿರುತ್ತಾರೆ. ನೀನು ಅವನ ಅಪ್ಪನಿಂದ ಶುರು ಮಾಡು.

ಕಿಶನ್ ಸಿಂಗ್ ಪುಕ್ಕಲು ಮನುಷ್ಯರಲ್ಲ. ಬ್ರಿಟಿಷರ ಜೈಲು ಕಂಡವರು. ತಮ್ಮ ಅಜಿತ್ ಸಿಂಗ್‌ನನ್ನು ಸರ್ಕಾರ 1907ರಲ್ಲಿ ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿತ್ತು. ಮದುವೆ ಮಾಡಲು ಹೊರಟಾಗ ಭಗತ್ ಕಾನ್ಪುರಕ್ಕೆ ಓಡಿಹೋದ. ಹೋಗುವಾಗ ಅಪ್ಪನಿಗೊಂದು ಚೀಟಿ ಬರೆದಿಟ್ಟಿದ್ದ. ಉಪನಯನದ ದಿನ ತಾತ ನನ್ನನ್ನು ದೇಶಸೇವೆಗೆ ಮುಡಿಪಿಟ್ಟಿದ್ದರಲ್ಲ, ಆ ಮಾತು ನಡೆಸುತ್ತಿದ್ದೇನೆ ಅಂತ. ಅಂಥ ಮನೆ ಅದು. ಅಪ್ಪ ಎದುರು ಮಾತಾಡುವುದಾದರೂ ಹೇಗೆ?

ಆದರೆ 1930ರಲ್ಲಿ ಕಿಶನ್ ಸಿಂಗ್ ಕೈ ನಡುಗಿತು. ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್‌ನನ್ನು ಕೊಂದ ಆರೋಪ ಮಗನ ಮೇಲಿತ್ತು. ಆ ಮೊಕದ್ದಮೆಗೆಂದೇ ವೈಸ್‌ರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿ ಕೂರಿಸಿದ್ದ. ಹೈಕೋರ್ಟಿಗೆ ಮೇಲ್ಮನವಿ ಇಲ್ಲ. ತೀರ್ಪು ಏನಾಗುತ್ತದೆಂದು ಯಾರಿಗೂ ಅನುಮಾನವಿರಲಿಲ್ಲ. ಆಗ ಅವರು, ಕೊಲೆಯಾದ ದಿನ ನನ್ನ ಮಗ ಲಾಹೋರಿನಲ್ಲೇ ಇರಲಿಲ್ಲ, ಸಾಬೀತು ಮಾಡಲು ಅವಕಾಶ ಕೊಡಿ ಎಂದು ಅರ್ಜಿ ಕೊಟ್ಟರು. ಮಗನನ್ನು ಒಂದು ಮಾತೂ ಕೇಳಲಿಲ್ಲ.

ಅಕ್ಟೋಬರ್ 4ರಂದು ಮಗ ಬರೆದ ಕಾಗದವನ್ನು ನೀನು ಪೂರ್ತಿ ಓದಬೇಕು. ಬೆನ್ನಿಗೆ ಇರಿದಂತಾಗಿದೆ ಅನ್ನುತ್ತಾನೆ. ಬೇರೆ ಯಾರಾದರೂ ಮಾಡಿದ್ದರೆ ದ್ರೋಹ ಅನ್ನುತ್ತಿದ್ದೆ, ನಿಮ್ಮ ವಿಷಯದಲ್ಲಿ ದೌರ್ಬಲ್ಯ ಅನ್ನುತ್ತೇನೆ, ಅದೂ ಅತ್ಯಂತ ಕೆಟ್ಟ ದೌರ್ಬಲ್ಯ ಅನ್ನುತ್ತಾನೆ. ಜೊತೆಗಾರರ ಮೇಲೂ ಇಷ್ಟೇ ದೊಡ್ಡ ಆರೋಪವಿರುವಾಗ, ತತ್ವ ಮಾರಿ ಕೊಳ್ಳುವಷ್ಟು ನನ್ನ ಜೀವ ದುಬಾರಿಯಲ್ಲ ಎಂಬ ವಾದ. ಅಷ್ಟು ಸಾಲದೆಂಬಂತೆ, ಇದನ್ನು ಪತ್ರಿಕೆಗೆ ಕೊಡಿ ಎಂದು ಅಪ್ಪನಿಗೇ ಹೇಳುತ್ತಾನೆ! ಮೂರನೇ ದಿನ, ಅಕ್ಟೋಬರ್ 7ಕ್ಕೆ, ಅವನಿಗೂ ರಾಜಗುರು, ಸುಖದೇವ್‌ಗೂ ಮರಣದಂಡನೆಯಾಯಿತು.

ಹಠ ಅವನಿಗೆ ಹೊಸದಲ್ಲ. ಹಿಂದಿನ ವರ್ಷ ರಾಜಕೀಯ ಕೈದಿಗಳಿಗೆ ಒಳ್ಳೆಯ ಊಟ, ಪುಸ್ತಕ, ಪತ್ರಿಕೆ ಕೊಡಿ ಎಂದು ಉಪವಾಸ ಕೂತಿದ್ದ. ಜೊತೆಗಿದ್ದ ಜತೀಂದ್ರನಾಥ ದಾಸ್ 63ನೇ ದಿನ ತೀರಿಕೊಂಡ. ಅದಾದ ಮೇಲೂ ತಾನೊಬ್ಬನೇ ಬದುಕುವ ಲೆಕ್ಕ ಹಾಕಿಯಾನೇ?

ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತೇನೆ: ಕಿಶನ್ ಸಿಂಗ್ ಜಾಗದಲ್ಲಿ ನಾನಿದ್ದಿದ್ದರೆ ಆ ಅರ್ಜಿಗೆ ಎರಡು ಸಲ ಸಹಿ ಹಾಕುತ್ತಿದ್ದೆ. ಮಗನಿಗೆ ಆಗಿನ್ನೂ 23 ಕಣೇ. ನೀನು ಮಗನ ಕಡೆಯೇ ನಿಲ್ಲುತ್ತೀ, ಗೊತ್ತು, ನಿಲ್ಲು. ಆದರೆ ಚಪ್ಪಾಳೆ ಬೀಳಲಿ ಅಂತ ವೇದಿಕೆಯ ಮೇಲೆ ಆ ಅಪ್ಪನನ್ನು ಹಂಗಿಸಬೇಡ. ಭಾಷಣ ಬರೆದ ಮೇಲೆ ನನಗೊಮ್ಮೆ ಓದಿ ಹೇಳು, ಜಗಳವಾಡೋಣ.

ನಿನ್ನ
ಅಪ್ಪ