ಹಂಪಿಗೆ ಹೊರಟಿರೋ ಗೆಳೆಯನಿಗೊಂದು ಪತ್ರ

ಮಂಜು,

ಸ್ಕೂಲ್ ಮಕ್ಕಳನ್ನ ಹಂಪಿಗೆ ಕರ್ಕೊಂಡು ಹೋಗ್ತಿದೀನಿ, ಗೈಡ್ ಹೇಳೋದು ಬಿಟ್ಟು ಬೇರೆ ಏನಾದ್ರೂ ತೋರಿಸ್ಬೇಕು ಅಂತ ಮೆಸೇಜ್ ಮಾಡಿದ್ಯಲ್ಲ, ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗುತ್ತೆ ಅಂತ ಬರೀತಿದೀನಿ. ಒಂದೇ ಕೆಲ್ಸ ಮಾಡು ಸಾಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋನು ತೆಗೆದ ಹಂಪಿ ಫೋಟೋಗಳು ಇಂಟರ್ನೆಟ್ಟಲ್ಲಿ ಸಿಗ್ತವೆ, ನಾಲ್ಕೈದು ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡು ಹೋಗು.

ಈ ಗ್ರೀನ್‌ಲಾ ಮದ್ರಾಸ್ ಸೈನ್ಯದಲ್ಲಿದ್ದ ಅಧಿಕಾರಿ. ಆವಾಗ ಬಳ್ಳಾರಿ ಸೀಮೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಪುರಾತತ್ವ ಇಲಾಖೆ ಇನ್ನೂ ಹುಟ್ಟಿರ್ಲಿಲ್ಲ, ಅದು ಶುರುವಾಗಿದ್ದು 1861ರಲ್ಲಿ, ಹಾಗಾಗಿ ಹಂಪಿಯಲ್ಲಿ ಬೇಲಿ, ಬೋರ್ಡು, ಟಿಕೆಟ್ ಕೌಂಟರ್ ಅಂತ ಏನೂ ಇರ್ಲಿಲ್ಲ, ಗೋಪುರದ ಇಟ್ಟಿಗೆ ಸಂದೀಲೆಲ್ಲ ಗಿಡಗಂಟಿ. ಇವ್ನು ಅಲ್ಲಿಗೆ ಭಾರೀ ದೊಡ್ಡ ಕ್ಯಾಮೆರಾ ಹೊತ್ತು ಬಂದು ಸುಮಾರು 16 ಇಂಚು ಅಗಲ 18 ಇಂಚು ಉದ್ದದ ನೆಗೆಟಿವ್ ತೆಗೆದಿದಾನೆ ಕಣೋ, ಒಂದಲ್ಲ ಎರಡಲ್ಲ, 60ಕ್ಕೂ ಹೆಚ್ಚು! ಗಾಜಿನ ಮೇಲಲ್ಲ, ಕಾಗದದ ಮೇಲೆ. ಬೆಳ್ಳಿಯ ರಾಸಾಯನಿಕ ಸವರಿದ ಕಾಗದ, ಬೆಳಕು ಆಚೆ ತೂರ್ಲಿ ಅಂತ ಅದಕ್ಕೆ ಮೇಣ ಹಚ್ಚೋರು. ನೆಗೆಟಿವ್ ಯಾಕೆ ಅಷ್ಟು ದೊಡ್ದು ಅಂದ್ರೆ ಆವಾಗ ಚಿಕ್ಕ ನೆಗೆಟಿವ್‌ನ ಹಿಗ್ಗಿಸಿ ಪ್ರಿಂಟ್ ಹಾಕೋ ಪದ್ಧತಿ ಬಳಕೆಗೆ ಬಂದಿರ್ಲಿಲ್ಲ, ನೆಗೆಟಿವ್‌ನ ಇನ್ನೊಂದು ಕಾಗದಕ್ಕೆ ಒತ್ತಿ ಬಿಸಿಲಿಗೆ ಇಡ್ತಿದ್ರು, ನೆಗೆಟಿವ್ ಎಷ್ಟಿದ್ಯೋ ಫೋಟೋನೂ ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮಕ್ಕಳ ಕೈಗೆ ಒಂದು ಹೊಸ 50 ರೂಪಾಯಿ ನೋಟು ಕೊಡು, 2017ರಲ್ಲಿ ಬಂತಲ್ಲ ಆ ನೀಲಿ ಬಣ್ಣದ್ದು. ಹಿಂದುಗಡೆ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ, ಮೇಲ್ಗಡೆ ಚಪ್ಪಟೆ. ನಾವೆಲ್ಲ ಅದೇ ರಥ ಅಂತ ನೋಡ್ಕೊಂಡೇ ಬೆಳೆದಿರೋದು. ಆಮೇಲೆ ಗ್ರೀನ್‌ಲಾ ತೆಗೆದ ಫೋಟೋ ತೋರ್ಸು. ಅದೇ ರಥದ ತಲೆ ಮೇಲೆ ಇಟ್ಟಿಗೆ ಗಾರೆಯ ಒಂದು ಗೋಪುರ ಕೂತಿದೆ! ನಾನು ಮೊದಲ ಸಲ ನೋಡ್ದಾಗ ಎಷ್ಟೋ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ. ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧ ಆಗಿ ಮುನ್ನೂರು ವರ್ಷ ಹತ್ರ ಆದ್ರೂ ಆ ಇಟ್ಟಿಗೆ ಗೋಪುರ ನಿಂತೇ ಇತ್ತು, ಆಮೇಲೆ ಶಿಥಿಲ ಆಗಿದೆ ಅಂತ ತೆಗೆದುಹಾಕಿದ್ರು. ಅಂದ್ರೆ ರಥ ಬೋಳಾಗಿದ್ದು ಯುದ್ಧದಲ್ಲಿ ಅಲ್ವೇ ಅಲ್ಲ.

ಮಕ್ಕಳಿಗೆ ಇದು ತಲೆಗೆ ಹೋಗ್ಬೇಕು ನೋಡು. ಹಂಪಿ ಅಂದ್ರೆ 1565ರಲ್ಲಿ ಒಂದೇ ಏಟಿಗೆ ಹಾಳಾಯ್ತು, ಅವತ್ತಿಂದ ಇವತ್ತಿನವರೆಗೂ ಹಾಗೇ ಬಿದ್ದಿದೆ ಅಂತಾನೇ ಎಲ್ರೂ ಹೇಳೋದು, ನಮ್ಮ ಮೇಷ್ಟ್ರೂ ಹಾಗೇ ಹೇಳ್ಕೊಟ್ಟಿದ್ರು. ಯುದ್ಧದಲ್ಲಿ ಆದ ನಾಶ ಸುಳ್ಳಲ್ಲ, ಆದ್ರೆ ನಾವು ಈಗ ಕಣ್ಣಲ್ಲಿ ನೋಡೋ ಹಂಪಿನ ಮಳೆ ಬಿಸಿಲು, ಮರದ ಬೇರು, ಆಮೇಲೆ ಬಂದ ರಿಪೇರಿ ಎಲ್ಲ ಸೇರ್ಕೊಂಡು ಮಾಡಿರೋದು. ರಥದ ಮುಂದೆ ಇರೋ ಆನೆಗಳನ್ನೇ ತಗೋ, ಅವು ಮೂಲದವಲ್ಲ, ಆಮೇಲೆ ತಂದು ಇಟ್ಟಿರೋದು, ಹಿಂದೆ ಬಗ್ಗಿ ನೋಡಿದ್ರೆ ಮೊದ್ಲಿದ್ದ ಕುದುರೆಗಳ ಕಾಲು ಬಾಲದ ಗುರುತು ಈಗ್ಲೂ ಇದೆ. ಮಕ್ಕಳಿಗೆ ನೀನು ಹೇಳ್ಬೇಡ, ಹುಡುಕೋಕೆ ಬಿಡು.

ಇನ್ನೊಂದು ವಿಷಯ, ಆ ಫೋಟೋಗಳಲ್ಲಿ ಜನ ಕಾಣೋದು ತುಂಬಾ ಕಮ್ಮಿ. ಮಕ್ಕಳು ಖಂಡಿತ ಕೇಳ್ತಾರೆ, ಆವಾಗ ಅಲ್ಲಿ ಯಾರೂ ಇರ್ಲಿಲ್ವಾ ಸಾರ್ ಅಂತ. ಕಾಗದದ ನೆಗೆಟಿವ್‌ಗೆ ಬೆಳಕು ಸಾಕಾಗೋಕೆ ನಿಮಿಷಗಟ್ಟಲೆ ಬೇಕಿತ್ತು, ಅಷ್ಟ್ರಲ್ಲಿ ಮುಂದೆ ದನ ಹೊಡ್ಕೊಂಡು ಹೋದೋನಾಗ್ಲಿ ಕೊಡ ಹೊತ್ತು ಹೋದೋಳಾಗ್ಲಿ ಚಿತ್ರದಲ್ಲಿ ಮೂಡೋದೇ ಇಲ್ಲ, ಅಲ್ಲಾಡದೆ ನಿಂತೋರು ಮಾತ್ರ ಉಳೀತಾರೆ. ಆಕಾಶದಲ್ಲಿ ಮೋಡ ಕಾಣಲ್ಲ ಅಂತ ಕೇಳಿದ್ರೆ ಅದಕ್ಕೂ ಕಾರಣ ಇದೆ, ಆ ರಾಸಾಯನಿಕಕ್ಕೆ ನೀಲಿ ಬೆಳಕು ಬೇಗ ತಾಗ್ತಿತ್ತು, ಆಕಾಶ ಪೂರ್ತಿ ಬಿಳಿ ಆಗ್ಬಿಡ್ತಿತ್ತು. ಜನ ಇದ್ರಪ್ಪಾ. ತುಂಗಭದ್ರೆಯ ಆಚೆ ದಡದಲ್ಲಿ ಆನೆಗೊಂದಿ, ಈ ಕಡೆ ಕಮಲಾಪುರ, ವಿಜಯನಗರದ ಕಾಲದ ತುರ್ತು ಕಾಲುವೆ ನೀರಲ್ಲಿ ಬೆಳೆ. ಆ ಕಾಲುವೆ ಇವತ್ತಿಗೂ ಬಾಳೆ ತೋಟಕ್ಕೆ ನೀರು ಕೊಡ್ತಿದೆ, ಅದನ್ನೂ ತೋರ್ಸು, ಎಲ್ರೂ ಬಸ್ಸಲ್ಲಿ ದಾಟಿ ಹೋಗ್ಬಿಡ್ತಾರೆ. ನನಗೆ ಅದು ಅಲ್ಲಿರೋ ಅರ್ಧ ಕಟ್ಟಡಗಳಿಗಿಂತ ದೊಡ್ಡ ಸ್ಮಾರಕ.

ಜನ ಅಂದಾಗ ವಿರೂಪಾಕ್ಷ ಬಜಾರ್ ನೆನಪಾಗುತ್ತೆ. ಸಾಲು ಮಂಟಪಗಳಲ್ಲಿ ಅಂಗಡಿ ಮನೆ ಮಾಡ್ಕೊಂಡಿದ್ದೋರನ್ನ 2011ರ ಜುಲೈಯಲ್ಲಿ ತೆರವು ಮಾಡಿದ್ರಲ್ಲ. ಕಂಬಗಳನ್ನ ಕಾಪಾಡ್ಬೇಕು, ಒಪ್ತೀನಿ, ಆದ್ರೆ ಆ ಬೀದಿ ಖಾಲಿ ಆಗಿರೋದು ನೋಡಿದ್ರೆ ನನಗೆ ಈಗ್ಲೂ ಸಂಕಟ ಆಗುತ್ತೆ. ಬಜಾರ್ ಅಂದ್ಮೇಲೆ ಅಲ್ಲಿ ಜನ ಇರ್ಬೇಕಪ್ಪ.

ಗ್ರೀನ್‌ಲಾ ನೆಗೆಟಿವ್‌ಗಳ ಕಥೆ ಹೇಳೋದು ಮರ್ತೆ. ಅವು ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು 1980ರ ಸುಮಾರಿಗೆ ಇಂಗ್ಲೆಂಡಲ್ಲಿ ಮತ್ತೆ ಸಿಕ್ಕವು, ಈಗ ದೆಹಲಿಯ ಆಲ್ಕಾಜಿ ಅನ್ನೋ ಹಳೇ ಫೋಟೋಗಳ ಸಂಗ್ರಹದಲ್ಲಿವೆ. ಅದೇ ಹೊತ್ತಿಗೆ ಜಾರ್ಜ್ ಮಿಚೆಲ್, ಜಾನ್ ಫ್ರಿಟ್ಜ್ ಅನ್ನೋ ಇಬ್ಬರು ಸಂಶೋಧಕರು ಹಂಪಿಯ ಒಂದೊಂದು ಕಲ್ಲನ್ನೂ ಅಳೆದು ದಾಖಲೆ ಮಾಡೋಕೆ ಶುರು ಮಾಡಿದ್ರು, ಜಾನ್ ಗಾಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಬಂದು ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗ ಹುಡುಕಿ ಹುಡುಕಿ ಅಲ್ಲೇ ನಿಂತು ಮತ್ತೆ ಫೋಟೋ ತೆಗೆದ. ನಿನ್ನ ಮಕ್ಕಳ ಕೈಲೂ ಇದನ್ನೇ ಮಾಡ್ಸು. ಪ್ರಿಂಟ್ ಕೈಯಲ್ಲಿ ಹಿಡ್ಕೊಂಡು ಹಿಂದೆ ಮುಂದೆ ಸರ್ಕೊಂಡು, ಹಿಂದಿನ ಬಂಡೆ ಯಾವ್ದು, ಕಂಬ ಎಲ್ಲಿ ಬರುತ್ತೆ ಅಂತ ಹೊಂದಿಸ್ಕೊಂಡು ಮೊಬೈಲಲ್ಲಿ ಕ್ಲಿಕ್ ಮಾಡ್ಲಿ. ಬಂಡೆಗಳನ್ನೇ ಗುರುತು ಹಿಡ್ಕೊಳ್ಳೋಕೆ ಹೇಳು, ಅವು ಮಾತ್ರ ಜಾಗ ಬಿಟ್ಟು ಕದ್ಲಿಲ್ಲ. ಬೆಳಿಗ್ಗೆ ಬೇಗ ಹೋಗು, ಹತ್ತು ಗಂಟೆ ಆದ್ಮೇಲೆ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಸೆಲ್ಫಿಯವರ ಮಧ್ಯೆ ನಿಲ್ಲೋಕೂ ಜಾಗ ಸಿಗಲ್ಲ, ಬಿಸಿಲು ಬೇರೆ. ನೀರಿನ ಬಾಟ್ಲಿ, ಟೋಪಿ ಮರೀಬೇಡ.

ಮಕ್ಕಳು ತೆಗೆದ ಫೋಟೋಗಳ ಹಿಂದೆ ತಾರೀಖು, ನಿಂತ ಜಾಗ ಬರ್ಸಿ ಸ್ಕೂಲಲ್ಲೇ ಇಡು. ನನಗೂ ಒಂದು ಸೆಟ್ ಕಳ್ಸು. ರಥದ್ದಂತೂ ಬೇಕೇ ಬೇಕು.

ಇಂತಿ ನಿನ್ನ ಗೆಳೆಯ